ಐವತ್ತು ವ್ಯಾಟಿನ ಬಾಯಿ

ನಾನು ಒಂದು ರೇಡಿಯೋ. ಹಾಡು, ವಾರ್ತೆ, ಕ್ರಿಕೆಟ್ ಕಾಮೆಂಟರಿ ಕೇಳಿಸುವ ರೇಡಿಯೋ ಅಂದುಕೊಳ್ಳಬೇಡಿ. ನಾನು ಕೇಳಿಸುವುದೂ ಉಂಟು, ಮಾತಾಡುವುದೂ ಉಂಟು. ಪರೀಕ್ಷೆ ಬರೆದು, ಸರ್ಕಾರದಿಂದ ಪರವಾನಗಿ ಪಡೆದು, ಗಾಳಿಯಲ್ಲೇ ಒಬ್ಬರಿಗೊಬ್ಬರು ಮಾತಾಡಿಕೊಳ್ಳುವ ಹವ್ಯಾಸಿಗಳಿದ್ದಾರಲ್ಲ, ಹ್ಯಾಮ್‌ಗಳು ಅನ್ನುತ್ತಾರೆ, ನಾನು ಅವರ ಕೈಯ ವಸ್ತು. ಅದರಲ್ಲೂ ಕಾರಿನ ಡ್ಯಾಶ್‌ಬೋರ್ಡಿನ ಕೆಳಗೆ ಸ್ಕ್ರೂ ಹಾಕಿ ಕೂರಿಸುವ ಜಾತಿ. ಈಗ ಮಾತು ಬಿಟ್ಟಿದ್ದೇನೆ. ಹೇಳಿಕೊಳ್ಳುವಂಥ ಬಾಳೇನೂ ಅಲ್ಲ ನನ್ನದು, ಆದರೂ ಹೇಳಿಬಿಡುತ್ತೇನೆ.

ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಬಿಳಿ ಕೈಗವಸು ತೊಟ್ಟ ಹೆಂಗಸೊಬ್ಬಳು ನನ್ನ ಮೈಕಿನ ಗುಂಡಿ ಒತ್ತಿ ತನ್ನ ಭಾಷೆಯಲ್ಲಿ ಒಂದು, ಎರಡು, ಮೂರು ಎಂದು ಎಣಿಸಿದಳು. ಎದುರಿನ ಮೀಟರಿನ ಮುಳ್ಳು ಐವತ್ತಕ್ಕೆ ಹೋಗಿ ನಿಂತಿತು. ಐವತ್ತು ವ್ಯಾಟ್. ಆಕೆ ಕಾಗದದ ಮೇಲೆ ಸರಿ ಗುರುತು ಹಾಕಿ ಪಕ್ಕದವಳಿಗೆ ಏನೋ ಹೇಳಿ ನಕ್ಕಳು. ನನ್ನ ತಲೆ ತಿರುಗಿದ್ದು ಅಲ್ಲಿಂದಲೇ ಇರಬೇಕು.

ಬೆಂಗಳೂರಿನ ಅಂಗಡಿಯ ಗಾಜಿನ ಕಪಾಟಿನಲ್ಲಿ ಏಳೆಂಟು ತಿಂಗಳು ಕುಳಿತೆ. ನನ್ನ ಪಕ್ಕದಲ್ಲೇ ಅಂಗೈಯಗಲದ ಕೈ ಸೆಟ್‌ಗಳಿದ್ದವು. ಐದೈದು ವ್ಯಾಟಿನವು. ಜೇಬಿಗೆ ಹಾಕಿಕೊಂಡು ಬೆಟ್ಟ ಹತ್ತಬಹುದು, ತಮ್ಮದೇ ಬ್ಯಾಟರಿಯಿಂದ ದಿನವಿಡೀ ಬದುಕುತ್ತವೆ. ನನಗೋ ಕಾರಿನ ಬ್ಯಾಟರಿಯೇ ಬೇಕು, ಛಾವಣಿಯ ಮೇಲೆ ಉದ್ದನೆಯ ಆಂಟೆನಾ ಬೇಕು. ಆದರೂ ನಾನು ಅವುಗಳನ್ನು ಕಂಡು ಮೂಗು ಮುರಿಯುತ್ತಿದ್ದೆ. ಇವೂ ಒಂದು ಸೆಟ್ಟೇ ಎಂದು.

ನನ್ನನ್ನು ಕೊಂಡವರು ಮೈಸೂರಿನ ಗುರುಪಾದಸ್ವಾಮಿ. ಡ್ರೈವಿಂಗ್ ಶಾಲೆ ನಡೆಸುತ್ತಿದ್ದರು. ದುಂಡು ಮುಖ, ತುಂಬು ಕಂಠ, ಬೀದಿಯ ಈ ತುದಿಯಲ್ಲಿ "ಬ್ರೇಕು, ಬ್ರೇಕು!" ಅಂದರೆ ಆ ತುದಿಯಲ್ಲಿ ಹೋಗುವ ಸೈಕಲ್ಲುಗಳೂ ನಿಲ್ಲಬೇಕು. ಕೆಟ್ಟ ಮನುಷ್ಯರಲ್ಲ. ಆದರೆ ಮಾತು ಹೆಚ್ಚು, ಆ ಮಾತಿನಲ್ಲಿ ತಮ್ಮ ವಿಷಯವೇ ಹೆಚ್ಚು.

ಅವರಿಗೆ ಈ ವಿದ್ಯೆ ಕಲಿಸಿದವರು ಫಿಲೋಮಿನಾ ಮೇಡಂ. ತಂತಿ ಕಚೇರಿಯಲ್ಲಿ ಮೂವತ್ತು ವರ್ಷ ಕಟ್ಟಕಡ ಕಟ್ಟಕಡ ಎಂದು ತಂತಿ ಕಳಿಸಿ ನಿವೃತ್ತರಾದವರು. ಮನೆಯ ಜಗಲಿಯಲ್ಲಿ ನಾಲ್ಕು ಜನರನ್ನು ಕೂರಿಸಿಕೊಂಡು ಕಲಿಸುತ್ತಿದ್ದರು. ತಮ್ಮ ಕೈ ಸೆಟ್ಟಿಗೆ ಹಳೆಯ ಕೊಡೆಯ ಕಡ್ಡಿಗಳಿಂದ ಆಂಟೆನಾ ಮಾಡಿಕೊಂಡಿದ್ದರು. ಸೆಟ್ ಕೊಳ್ಳುವ ಮೊದಲು ಗುರುಪಾದಸ್ವಾಮಿ ಅವರ ಸಲಹೆ ಕೇಳಲು ಹೋಗಿದ್ದರಂತೆ. ಆ ಕಥೆಯನ್ನು ಆಮೇಲೆ ಕಾರಿನಲ್ಲಿ ಅವರೇ ಎಷ್ಟು ಸಲ ಹೇಳಿ ನಕ್ಕಿದ್ದರೆಂದರೆ, ನಾನೇ ಅಲ್ಲಿದ್ದ ಹಾಗೆ ನನಗೆ ಬಾಯಿಪಾಠವಾಗಿದೆ.

"ಮೊದ್ಲು ಇದು ಹೇಳಿ. ಎಲ್ಲಿ ಕೂತು ಮಾತಾಡ್ತೀರ? ಎಷ್ಟು ದೂರಕ್ಕೆ? ಗಾಡಿ ಹೋಗದ ಕಡೆ ಯಾರು ಹೊರ್ತಾರೆ?" ಎಂದರಂತೆ ಮೇಡಂ.

"ಅದೆಲ್ಲಾ ಇರ್ಲಿ ಮೇಡಂ. ಪವರ್ ಎಷ್ಟು ಸಿಗುತ್ತೆ ಹೇಳಿ."

"ಪವರ್ ಆಮೇಲೆ. ಕಿವಿ ಚೆನ್ನಾಗಿರೋದು ನೋಡಿ ತಗೊಳ್ಳಿ. ಐದು ವ್ಯಾಟ್ ಸಾಕು ನಿಮಗೆ, ಆಂಟೆನಾ ನಾನು ಮಾಡ್ಕೊಡ್ತೀನಿ. ಜಾಸ್ತಿ ಪವರ್ ಇರೋನು ಬಾಯ್ ತೆಗೆದ್ರೆ ಬೇರೆಯವ್ರು ಯಾರ್ದೂ ಕೇಳ್ಸೋಲ್ಲ, ಗೊತ್ತಲ್ಲ?"

ಇದು ನಿಜ. ನಮ್ಮಲ್ಲಿ ಇಬ್ಬರು ಒಂದೇ ತರಂಗಾಂತರದಲ್ಲಿ ಒಟ್ಟಿಗೆ ಮಾತಾಡಿದರೆ ಇಬ್ಬರದೂ ಕಲಸಿಕೊಂಡು ಕೇಳಿಸುವುದಿಲ್ಲ. ಜೋರಿನವನದು ಮಾತ್ರ ಕೇಳುತ್ತದೆ. ಇನ್ನೊಬ್ಬ ಇದ್ದಾನೆಂಬುದೂ ಯಾರಿಗೂ ತಿಳಿಯುವುದಿಲ್ಲ. ಮೇಡಂ ಅದನ್ನು ಎಚ್ಚರಿಕೆ ಎಂದು ಹೇಳಿದರು. ಗುರುಪಾದಸ್ವಾಮಿಗೆ ಅದೇ ರುಚಿಸಿತು. ಮಾರನೆಯ ವಾರ ಬೆಂಗಳೂರಿಗೆ ಹೋಗಿ, ಕೈ ಸೆಟ್‌ಗಳತ್ತ ತಿರುಗಿಯೂ ನೋಡದೆ ನನ್ನನ್ನು ಎತ್ತಿಕೊಂಡರು. ನನಗೂ ಕೋಡು ಮೂಡಿದಂತಾಯಿತು.

ಪಾಠದ ಬಿಳಿ ಕಾರಿನಲ್ಲಿ ನನ್ನ ಸಂಸಾರ ಶುರುವಾಯಿತು. ನನ್ನ ಮೈಕನ್ನು ತೂಗುಹಾಕಲು ಒಂದು ಕೊಕ್ಕೆ ಬಂದಿತ್ತು. ಕಲಿಯಲು ಬಂದವರ ಮೊಣಕಾಲಿಗೆ ತಗುಲುತ್ತದೆಂದು ಅದನ್ನು ಕಿತ್ತರು. ಅಲ್ಲಿಂದ ಮೈಕು ಸೀಟಿಗೂ ಹ್ಯಾಂಡ್‌ಬ್ರೇಕಿಗೂ ನಡುವಿನ ಸಂದಿಯಲ್ಲಿ ಬಿದ್ದಿರುತ್ತಿತ್ತು. ನನ್ನೊಳಗೆ ಇನ್ನೊಂದು ವ್ಯವಸ್ಥೆಯೂ ಇತ್ತು. ಮೂರು ನಿಮಿಷ ಬಿಡದೆ ಮಾತಾಡಿದರೆ ನಾನೇ ಬಾಯಿ ಮುಚ್ಚಿಬಿಡುತ್ತಿದ್ದೆ. ಮಾತಿನ ನಡುವೆ ಹಾಗೆ ಎರಡು ಸಲ ಆದಾಗ ಗುರುಪಾದಸ್ವಾಮಿಗೆ ಸಿಟ್ಟು ಬಂತು. "ನಂಗೇ ಬಾಯ್ ಮುಚ್ಸುತ್ತಲ್ಲ ಇದು!" ಎಂದು ನನ್ನ ಜೊತೆ ಬಂದಿದ್ದ ಪುಸ್ತಕ ತೆರೆದು, ಗುಂಡಿ ಒತ್ತಿ, ಆ ವ್ಯವಸ್ಥೆಯನ್ನೇ ತೆಗೆದುಹಾಕಿದರು.

ಎರಡು ವರ್ಷ ಹೀಗೆ ಕಳೆಯಿತು. ಬೆಳಗಿನ ಪಾಠ ಮುಗಿಸಿ ರಿಂಗ್ ರಸ್ತೆಯಲ್ಲಿ ಕಾರು ನಿಲ್ಲಿಸಿ ಅವರು ಮಾತಿಗೆ ಇಳಿದರೆ ಮಂಡ್ಯದವರು, ನಂಜನಗೂಡಿನವರು ಎಲ್ಲರೂ "ನಿಮ್ಮ ದನಿ ಗಂಟೆ ಹೊಡೆದ ಹಾಗೆ ಬರ್ತಿದೆ ಸ್ವಾಮಿಗಳೇ" ಅನ್ನುತ್ತಿದ್ದರು. ಅದನ್ನು ಕೇಳಲೆಂದೇ ಅವರು ಮಾತಾಡುತ್ತಿದ್ದರು. ನಾನೂ ಅದಕ್ಕೇ ಕಾಯುತ್ತಿದ್ದೆ.

ಮೂರನೆಯ ವರ್ಷ ಹನೂರಿನ ಕಡೆಯ ಘಾಟಿ ರಸ್ತೆಯಲ್ಲಿ ಸೈಕಲ್ ಪಂದ್ಯ ಏರ್ಪಾಟಾಯಿತು. ಆ ತಿರುವುಗಳಲ್ಲಿ ಮೊಬೈಲ್ ಫೋನು ಹಿಡಿಯುವುದಿಲ್ಲ. ಹಾಗಾಗಿ ಸಂದೇಶದ ಕೆಲಸ ನಮ್ಮ ಕ್ಲಬ್ಬಿನ ಹ್ಯಾಮ್‌ಗಳಿಗೆ ಬಂತು. ಬೆಟ್ಟದ ಮೇಲೆ, ಪಂದ್ಯ ಮುಗಿಯುವ ಕಡೆ, ನಿಯಂತ್ರಣ ಕೇಂದ್ರ. ಬುಡದಲ್ಲಿ ಆಂಬುಲೆನ್ಸು, ಅದರ ಪಕ್ಕ ಒಬ್ಬ ಹ್ಯಾಮ್. ನಡುವಿನ ತಿರುವುಗಳಲ್ಲಿ ಒಬ್ಬೊಬ್ಬರು. ಫಿಲೋಮಿನಾ ಮೇಡಂ ಆರನೆಯ ತಿರುವಿನಲ್ಲಿ, ಕೈ ಸೆಟ್ಟು ಹಿಡಿದು, ಮಡಚುವ ಕುರ್ಚಿಯಲ್ಲಿ. ಅವರಿಗಿಂತ ಎರಡು ತಿರುವು ಮೇಲೆ ನಾವು. ಗುರುಪಾದಸ್ವಾಮಿಯವರ ಕೆಲಸ ಇಷ್ಟೇ: ಹಾದುಹೋದ ಸೈಕಲ್ಲುಗಳನ್ನು ಎಣಿಸುವುದು, ಕರೆದಾಗ ಉತ್ತರ ಕೊಡುವುದು, ಕರೆಯದೆ ಮಾತಾಡದಿರುವುದು. ಒಟ್ಟು ನಲವತ್ತೆರಡು ಸವಾರರು.

ಜೊತೆಗೆ ಅವರ ಭಾವಮೈದ ನಂದೀಶ ಬಂದಿದ್ದ. ಒಂಬತ್ತು ಗಂಟೆಯ ಎಳೆ ಬಿಸಿಲು. ಕಾರಿನ ಮುಂದಿನ ಸೀಟಿನಲ್ಲಿ ಇಬ್ಬರೂ ಕುಳಿತು ಇಡ್ಲಿ ಪೊಟ್ಟಣ ಬಿಚ್ಚಿದರು. ನಂದೀಶ ತನ್ನ ಸೀಟನ್ನು ಹಿಂದಕ್ಕೆ ಸರಿಸಿ ಕಾಲು ಚಾಚಿದ. ಸಂದಿಯಲ್ಲಿದ್ದ ನನ್ನ ಮೈಕು ಸೀಟಿನ ಅಂಚಿಗೆ ಸಿಕ್ಕಿ ಅದುಮಿಕೊಂಡಿತು. ಗುಂಡಿ ಒತ್ತಿಹೋಯಿತು. ನಾನು ಮಾತಾಡತೊಡಗಿದೆ.

ನಮ್ಮ ಜಾತಿಯ ಒಂದು ಕೊರತೆ ಹೇಳಲೇಬೇಕು. ಮಾತಾಡುವಾಗ ನಮಗೆ ಕಿವಿ ಇರುವುದಿಲ್ಲ. ಗುಂಡಿ ಬಿಟ್ಟರೆ ಮಾತ್ರ ಬೇರೆಯವರ ದನಿ. ಆದ್ದರಿಂದ ಎಲ್ಲರೂ "ಸ್ವಾಮಿಗಳೇ, ನಿಮ್ಮ ಮೈಕು, ನಿಮ್ಮ ಮೈಕು" ಎಂದು ಬೊಬ್ಬೆ ಹೊಡೆದದ್ದು ನಮಗೆ ತಿಳಿಯಲಿಲ್ಲ.

"ಭಾವ, ಇಷ್ಟೆಲ್ಲಾ ವ್ಯವಸ್ಥೆ ಆ ಮೇಡಂದೇ ಅಂತಲ್ಲ?" ಎಂದ ನಂದೀಶ, ಚಟ್ನಿ ನೆಕ್ಕುತ್ತಾ.

"ಅಯ್ಯೋ, ಹೆಸರು ಅವ್ರದು ಕಣೋ. ಯಾರ್ಯಾರು ಎಲ್ಲೆಲ್ಲಿ ನಿಲ್ಬೇಕು ಅಂತ ಲೆಕ್ಕ ಹಾಕಿದ್ದೆಲ್ಲಾ ನಾನು. ವಯಸ್ಸಾಯ್ತು, ಪಾಪ, ಬಿಟ್ಟುಕೊಡಕ್ಕೆ ಮನಸ್ಸಿಲ್ಲ ಅವ್ರಿಗೆ."

ಅದು ಹಸಿ ಸುಳ್ಳು. ಎರಡು ಭಾನುವಾರ ಆ ಬಿಸಿಲಿನಲ್ಲಿ ಘಾಟಿಯನ್ನು ನಡೆದು ಅಳೆದವರು ಮೇಡಂ. ನಾನು ಅದನ್ನು ಐವತ್ತು ವ್ಯಾಟಿನಲ್ಲಿ ಘಾಟಿಗೆಲ್ಲ ಸಾರಿದೆ.

"ಆ ಕೊಡೆಕಡ್ಡಿ ನೋಡಿದ್ಯಾ? ಅದನ್ನ ಹಿಡ್ಕೊಂಡು ಸೊಳ್ಳೆ ಥರ ಗುಂಯ್ ಅಂತಿರ್ತಾರೆ. ಮುದುಕಿಗೆ ಮನೇಲಿ ಹೊತ್ತು ಹೋಗಲ್ಲ, ನಮ್ಮ ತಲೆ ತಿಂತಾರೆ."

ನಂದೀಶ ಹೊಟ್ಟೆ ಹಿಡಿದು ನಕ್ಕ. ಗುರುಪಾದಸ್ವಾಮಿಗೆ ಹುರುಪು ಬಂತು. ಮೇಡಂ ನಡೆಯುವ ರೀತಿ, ಮೇಡಂ ಇಂಗ್ಲಿಷಿನ ರೀತಿ, ಎಲ್ಲವನ್ನೂ ಅಣಕಿಸಿ ತೋರಿಸಿದರು. ಸೈಕಲ್ಲುಗಳು ಹಾದುಹೋದವು. ನಲವತ್ತೊಂದು ಆಯಿತು. ಇನ್ನೊಂದು ಯಾವಾಗಲೋ ಹೋಗಿರಬೇಕು, ಕೈತಪ್ಪಿತು ಅಂದುಕೊಂಡು ಕಾಗದದ ಮೇಲೆ ನಲವತ್ತೆರಡು ಎಂದು ಬರೆದರು.

ಹತ್ತೊಂಬತ್ತು ನಿಮಿಷವಾದ ಮೇಲೆ ಮೇಲಿನಿಂದ ಬೈಕೊಂದು ಧೂಳೆಬ್ಬಿಸಿಕೊಂಡು ಬಂತು. ಕ್ಲಬ್ಬಿನ ಹುಡುಗ ಹೆಲ್ಮೆಟ್ಟನ್ನೂ ತೆಗೆಯದೆ ಬಾಗಿಲು ಎಳೆದ. ಬಗ್ಗಿ ಸಂದಿಗೆ ಕೈ ಹಾಕಿ ಮೈಕನ್ನು ಕಿತ್ತ. ಗುಂಡಿ ಬಿಟ್ಟಿತು. ನನಗೆ ಕಿವಿ ಬಂತು.

ಮೊದಲು ಕೇಳಿಸಿದ್ದು ಫಿಲೋಮಿನಾ ಮೇಡಂ ದನಿ. ಕೂಗಾಟವಿಲ್ಲ, ಅಳುವಿಲ್ಲ. ತಂತಿ ಓದುವ ಹಾಗೆ ಒಂದೇ ಸಮ. "ಆರನೇ ತಿರುವು. ಹುಡುಗಿ ಬಿದ್ದಿದ್ದಾಳೆ. ತೊಡೆ ಸೀಳಿದೆ, ರಕ್ತ ನಿಲ್ತಿಲ್ಲ. ಒಂದು ಕೈಯಲ್ಲಿ ಅದುಮಿದ್ದೀನಿ, ಬಿಟ್ಟು ಬರೋಕಾಗಲ್ಲ. ಆಂಬುಲೆನ್ಸ್ ಕಳಿಸಿ. ಆರನೇ ತಿರುವು." ಎರಡು ಉಸಿರು ಬಿಟ್ಟು ಮತ್ತೆ ಅದೇ ಮಾತು. ಎಷ್ಟನೆಯ ಸಲವೋ.

ಆಂಬುಲೆನ್ಸು ಆರು ನಿಮಿಷದಲ್ಲಿ ತಲುಪಿತು. ಅಷ್ಟು ಹತ್ತಿರದಲ್ಲಿತ್ತು ಅದು. ಗುರುಪಾದಸ್ವಾಮಿ ಕೆಳಗೆ ಹೋಗಲಿಲ್ಲ. ಸ್ಟೀರಿಂಗ್ ಹಿಡಿದು ಕುಳಿತೇ ಇದ್ದರು. ನೆಲ ಬಾಯಿಬಿಟ್ಟಿದ್ದರೆ ಕಾರಿನ ಸಮೇತ ಇಳಿದುಬಿಡುತ್ತಿದ್ದರೇನೋ. ನಂದೀಶ ಇಡ್ಲಿಯ ಎಲೆಯನ್ನು ಮಡಚಿ ಮಡಚಿ ಇಷ್ಟೇ ಇಷ್ಟು ಮಾಡಿ ಕಿಟಕಿಯಿಂದಾಚೆ ಹಾಕಿದ.

ಹುಡುಗಿಯ ಹೆಸರು ಬಿಂದುಶ್ರೀ. ಕಾಲೇಜು ಓದುತ್ತಿದ್ದಳು. ಎಲ್ಲರಿಗಿಂತ ಹಿಂದೆ ಬರುತ್ತಿದ್ದ ಸವಾರಳು ಅವಳೇ. ತಿರುವಿನಲ್ಲಿ ಜಾರಿ ತಡೆಗಂಬಿಯ ತಗಡಿಗೆ ಬಿದ್ದಿದ್ದಳು. ಜೀವ ಉಳಿಯಿತು. ಎಡಗಾಲಿನ ಪಾದ ಮಾತ್ರ ಹೇಳಿದ ಮಾತು ಕೇಳದಂತಾಯಿತು. ತಡವಾದದ್ದರಿಂದ ಹಾಗಾಯಿತೋ, ಬಿದ್ದ ಪೆಟ್ಟಿಗೇ ಹಾಗಾಗುತ್ತಿತ್ತೋ, ಯಾವ ಡಾಕ್ಟರೂ ಖಚಿತವಾಗಿ ಹೇಳಲಿಲ್ಲ. ಹೇಳಿದ್ದರೆ ಗುರುಪಾದಸ್ವಾಮಿಗೆ ಒಂದು ನೆಲೆಯಾದರೂ ಸಿಗುತ್ತಿತ್ತು. ಆಸ್ಪತ್ರೆಗೆಂದು ಅವರು ಮೂರು ಸಲ ಹೊರಟರು. ಒಂದು ಸಲ ಗೇಟಿನವರೆಗೂ ಹೋಗಿ, ಎಳನೀರು ಕೊಂಡು, ಅದನ್ನು ಹಿಂದಿನ ಸೀಟಿನಲ್ಲಿಟ್ಟುಕೊಂಡು ಮನೆಗೆ ಬಂದರು.

ಕ್ಲಬ್ಬಿನವರು ಮೇಡಂ ಮನೆಯ ಜಗಲಿಯಲ್ಲಿ ಸೇರಿದರು. ಏನಾಯಿತು ಎಂದು ಕೇಳಿದಾಗ ಗುರುಪಾದಸ್ವಾಮಿ ನೆಲ ನೋಡುತ್ತಾ ಅಂದರು, "ಸೆಟ್ ಕೆಟ್ಟಿತ್ತು. ಒಳಗಡೆ ಏನೋ ಅಂಟ್ಕೊಂಡಿತ್ತು ಅನ್ಸುತ್ತೆ."

ಕಾರಿನಿಂದ ಬಿಚ್ಚಿ ತಂದು ಮೇಜಿನ ಮೇಲಿಟ್ಟಿದ್ದ ನನ್ನನ್ನು ಎಲ್ಲರೂ ನೋಡಿದರು. ಪ್ರತಿಭಟಿಸಲು ನನಗೆ ನನ್ನದೇ ದನಿ ಎಲ್ಲಿದೆ? ಯಾರೋ ಗುಂಡಿ ಒತ್ತಬೇಕು, ಯಾರೋ ಮಾತಾಡಬೇಕು. ಮೇಡಂ ಮಾತ್ರ "ಇಟ್ಟು ಹೋಗಿ, ನೋಡ್ತೀನಿ" ಅಂದರು.

ಮೂರು ದಿನ ನಾನು ಅವರ ಮೇಜಿನ ಮೇಲಿದ್ದೆ. ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು, ಮುಚ್ಚಳ ತೆಗೆದು ಒಂದೊಂದು ಬೆಸುಗೆಯನ್ನೂ ನೋಡಿದರು. ಮೈಕಿನ ಗುಂಡಿಯನ್ನು ನೂರಾರು ಸಲ ಒತ್ತಿ ಬಿಟ್ಟರು. ಒಂದು ಸಲವೂ ಅಂಟಲಿಲ್ಲ. ಮೂರು ನಿಮಿಷದ ವ್ಯವಸ್ಥೆಯನ್ನು ತೆಗೆದಿದ್ದೂ ಅವರಿಗೆ ಕಂಡಿತು. ಅವರ ಬಗ್ಗೆ ನಾನು ಸಾರಿದ ಅಷ್ಟೂ ಮಾತನ್ನು ಅವರು ರಕ್ತದ ಕೈಯಲ್ಲಿ ಕೇಳಿದ್ದರು. ಆದರೂ ನನ್ನನ್ನು ಮುಟ್ಟುವಾಗ ಆ ಕೈಯಲ್ಲಿ ಒರಟುತನವಿರಲಿಲ್ಲ. ಅದೇ ನನಗೆ ತಾಳಲಾಗಲಿಲ್ಲ. ಕೊನೆಗೆ ಒಂದು ಚೀಟಿಯಲ್ಲಿ "ದೋಷ ಕಂಡುಬಂದಿಲ್ಲ" ಎಂದು ಬರೆದು, ಮಡಚಿ, ಗುರುಪಾದಸ್ವಾಮಿ ಬಂದಾಗ ಅವರೊಬ್ಬರ ಕೈಗೆ ಕೊಟ್ಟರು. ಬೇರೆ ಯಾರಿಗೂ ಹೇಳಲಿಲ್ಲ. ಗುರುಪಾದಸ್ವಾಮಿ ಓದಿ, ಜೇಬಿಗಿಟ್ಟುಕೊಂಡು ಹೊರಟರು. ಕ್ಲಬ್ಬಿನ ಪಾಲಿಗೆ ನಾನು ಕೆಟ್ಟ ಸೆಟ್ಟಾಗಿಯೇ ಉಳಿದೆ.

ತಿರುಗಿ ಕಾರಿನಲ್ಲಿ ಕೂರಿಸಿದರು, ಯಾಕೋ ಗೊತ್ತಿಲ್ಲ. ಬಹುಶಃ ಸ್ಕ್ರೂಗಳ ತೂತು ಕಾಣುತ್ತದೆಂದು. ಆದರೆ ವೈರು ಜೋಡಿಸಲಿಲ್ಲ. ಅವರು ಮತ್ತೆ ಗಾಳಿಗೆ ಬರಲಿಲ್ಲ. ಪಾಠ ಹೇಳುವಾಗಿನ ಆ ಕಂಠವೂ ಕುಗ್ಗಿತು. "ಬ್ರೇಕು" ಎಂಬುದನ್ನು ಪಕ್ಕದವರಿಗೆ ಕೇಳಿಸಿದರೆ ಸಾಕು ಎಂಬಂತೆ ಹೇಳುತ್ತಿದ್ದರು.

ಒಂದೂವರೆ ವರ್ಷದ ಮೇಲೆ ಒಂದು ಬೆಳಿಗ್ಗೆ ಕಲಿಯಲು ಹುಡುಗಿಯೊಬ್ಬಳು ಬಂದಳು. ಎಡಗಾಲು ಎಳೆದು ಹಾಕುತ್ತಿದ್ದಳು. ಅರ್ಜಿಯ ಮೇಲಿನ ಹೆಸರು ಓದಿದಾಗ ಗುರುಪಾದಸ್ವಾಮಿಯ ಪೆನ್ನಿನ ಮುಚ್ಚಳ ಕೈಯಿಂದ ಜಾರಿ ನನ್ನ ಕೆಳಗೆ ಉರುಳಿತು.

"ಗೇರ್ ಇಲ್ಲದಿರೋ ಗಾಡಿ ಕಲೀಬಹುದಲ್ಲಮ್ಮ ನೀವು?" ಎಂದರು, ಅವಳ ಮುಖ ನೋಡದೆ.

"ಅಪ್ಪನ ಗಾಡಿ ಗೇರ್ ಇರೋದು ಸರ್. ಅದನ್ನೇ ಓಡಿಸ್ಬೇಕು ನಾನು."

ಅವಳಿಗೆ ಕ್ಲಚ್ಚು ಒತ್ತಲು ಬರುತ್ತಿತ್ತು, ಮೆಲ್ಲಗೆ ಬಿಡಲು ಬರುತ್ತಿರಲಿಲ್ಲ. ಪಾದ ಎತ್ತಲಾಗದೆ ಇಡೀ ಕಾಲನ್ನೇ ತೊಡೆಯಿಂದ ಎತ್ತಬೇಕು. ಕಾರು ಮೊಲದಂತೆ ಕುಪ್ಪಳಿಸಿ ಆರಿಹೋಗುತ್ತಿತ್ತು. ಬೇರೆಯವರಿಗಾದರೆ ಇಪ್ಪತ್ತೈದು ದಿನದ ಪಾಠ. ಅವಳಿಗೆ ನಾಲ್ಕು ತಿಂಗಳು ಕಲಿಸಿದರು. ಒಂದು ದಿನವೂ ರೇಗಲಿಲ್ಲ. ಸೀಟಿನ ಕೆಳಗೆ ಮರದ ತುಂಡು ಕೂರಿಸಿದರು, ಪೆಡಲಿಗೆ ರಬ್ಬರು ಕಟ್ಟಿದರು, ಖಾಲಿ ಮೈದಾನದಲ್ಲಿ ನೂರು ಸಲ, ಇನ್ನೂರು ಸಲ, "ಪರ್ವಾಗಿಲ್ಲಮ್ಮ, ಇನ್ನೊಂದ್ಸಲ" ಅಂದರು. ದಿನಾ ಪಾಠ ಮುಗಿದು ಅವಳು ಇಳಿಯುವ ಮೊದಲು ಅವರ ಬಾಯಿ ಒಂದು ಸಲ ತೆರೆಯುತ್ತಿತ್ತು. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ನಾನು ಕಾಯುತ್ತಿದ್ದೆ. "ನಾಳೆ ಇದೇ ಟೈಮಿಗೆ ಬನ್ನಿ" ಎಂದಷ್ಟೇ ಹೇಳಿ ಬಾಯಿ ಮುಚ್ಚಿಕೊಳ್ಳುತ್ತಿತ್ತು.

ಒಂದು ದಿನ ಅವಳು ನನ್ನತ್ತ ಬೆರಳು ಮಾಡಿ, "ಇದೇನು ಸರ್?" ಎಂದಳು.

"ಅದಾ? ಹಳೇ ಟೇಪ್ ರೆಕಾರ್ಡರು. ಕೆಟ್ಟುಹೋಗಿದೆ."

ಅವಳು ಹೂಂ ಅಂದಳು. ಆ ಹೂಂ ತುಸು ಉದ್ದವಿತ್ತು.

ಅವಳ ತಾಯಿ ಒಮ್ಮೆ ಮೈದಾನಕ್ಕೆ ಬಂದು, "ನಿಮ್ಮಂಥೋರು ಸಿಕ್ಕಿದ್ದು ನಮ್ಮ ಪುಣ್ಯ ಸ್ವಾಮಿ. ದೇವ್ರು ಬಂದ ಹಾಗೆ ಬಂದ್ರಿ" ಎಂದು ಕೈ ಮುಗಿದರು. ಗುರುಪಾದಸ್ವಾಮಿ ಕೈ ಮುಗಿದು ಅದನ್ನು ಸ್ವೀಕರಿಸಿದರು. ನನಗೆ ಅವರ ಮೇಲೆ ಅಸಹ್ಯ ಬಂದದ್ದು ಆಗ. ಸಿಟ್ಟಲ್ಲ, ಅಸಹ್ಯ.

ಪರೀಕ್ಷೆಯ ದಿನ ಅವಳು ಕಾರನ್ನು ಎಂಟರ ಆಕಾರದಲ್ಲಿ ತಿರುಗಿಸಿ, ಏರಿನಲ್ಲಿ ನಿಲ್ಲಿಸಿ, ಒಂದಂಗುಲವೂ ಹಿಂದೆ ಜಾರದಂತೆ ಎತ್ತಿಕೊಂಡು ಹೋದಳು. ಪಾಸಾದಳು. ಮರದ ನೆರಳಿನಲ್ಲಿ ಕಾರು ನಿಲ್ಲಿಸಿ ಇಂಜಿನ್ ಆರಿಸಿದಳು. ಗುರುಪಾದಸ್ವಾಮಿಗೆ ಕಣ್ಣು ತುಂಬಿತ್ತು. "ಶಹಬ್ಬಾಸ್ ಅಮ್ಮ" ಎಂದು ಹೇಳಿ, ಎಂದಿನಂತೆ ಬಾಯಿ ತೆರೆದರು. ಮುಚ್ಚಿದರು.

ಬಿಂದುಶ್ರೀ ಸ್ಟೀರಿಂಗ್ ಮೇಲೆ ಕೈಯಿಟ್ಟುಕೊಂಡೇ ಮಾತಾಡಿದಳು.

"ಸರ್, ಅವತ್ತು ಮೇಡಂ ಸೆಟ್ಟು ನನ್ನ ತಲೆ ಹತ್ರ ಇತ್ತು. ಅವ್ರು ಹೇಳಿ ಗುಂಡಿ ಬಿಟ್ಟಾಗೆಲ್ಲಾ ನಿಮ್ಮ ದನಿನೇ ಬರ್ತಿತ್ತು. ನಾನು ಸಾಯ್ತೀನಿ ಅಂದ್ಕೊಂಡಿದ್ದೆ, ಈ ನಗು ಕೇಳ್ತಾ ಸಾಯ್ತೀನಿ ಅಂತ. ಇಲ್ಲಿಗೆ ಬಂದ ಮೊದಲ್ನೇ ದಿನ ನೀವು 'ಕೂತ್ಕೊಳ್ಳಿ' ಅಂದ್ರಲ್ಲ, ಅಷ್ಟಕ್ಕೇ ಗೊತ್ತಾಯ್ತು."

ಗುರುಪಾದಸ್ವಾಮಿ ನನ್ನತ್ತ ನೋಡಿದರು.

"ಅವತ್ತೇ ಎದ್ದು ಹೋಗೋಣ ಅಂತಿದ್ದೆ. ಇವ್ರೇ ಹೇಳ್ತಾರೆ, ನೋಡೋಣ ಅಂತ ಕೂತೆ. ನಾಲ್ಕು ತಿಂಗ್ಳು ಕಾದೆ ಸರ್." ಕೀಲಿ ತೆಗೆದು ಅವರ ಅಂಗೈಯಲ್ಲಿಟ್ಟಳು. "ಚೆನ್ನಾಗಿ ಕಲಿಸಿದ್ರಿ. ಅದಕ್ಕೆ ಥ್ಯಾಂಕ್ಸ್." ಬಾಗಿಲು ತೆಗೆದು, ಎರಡೂ ಕೈಯಲ್ಲಿ ಎಡಗಾಲನ್ನು ಎತ್ತಿ ಹೊರಗಿಟ್ಟು, ಇಳಿದು ಹೋದಳು.

ಮಧ್ಯಾಹ್ನದವರೆಗೂ ಅವರು ಆ ಮರದ ಕೆಳಗೇ ಇದ್ದರು. ಆಮೇಲೆ ಶಾಲೆಗೆ ಬಂದು ಎರಡು ಕಾಗದ ಬರೆದರು, ಒಂದು ಕ್ಲಬ್ಬಿಗೆ, ಒಂದು ಅವಳಿಗೆ. ಸೆಟ್ಟು ಕೆಟ್ಟಿರಲಿಲ್ಲ, ಕೊಕ್ಕೆ ಕಿತ್ತವನು ನಾನು, ಎಣಿಕೆ ಸುಳ್ಳು ಬರೆದವನು ನಾನು, ಮೇಡಂ ವಿಷಯ ಆಡಿದ್ದೆಲ್ಲ ಸುಳ್ಳು ಎಂದು. ಅಂಚೆಗೆ ಹಾಕುವ ಮೊದಲು ಕಾರಿನಲ್ಲಿ ಒಬ್ಬರೇ ಕುಳಿತು ಗಟ್ಟಿಯಾಗಿ ಓದಿಕೊಂಡದ್ದರಿಂದ ನನಗೆ ಗೊತ್ತು. ಅವಳಿಂದ ಉತ್ತರ ಬರಲಿಲ್ಲ. ನನ್ನನ್ನು ಬಿಚ್ಚಿ, ಒರೆಸಿ, ಕಚೇರಿಯ ಕಪಾಟಿನ ಮೇಲೆ ರಸ್ತೆ ಚಿಹ್ನೆಗಳ ಹಳೆಯ ಪಟಗಳ ಪಕ್ಕದಲ್ಲಿಟ್ಟರು.

ಏಳು ವರ್ಷವಾಯಿತು, ಇಲ್ಲೇ ಇದ್ದೇನೆ. ಹಲ್ಲಿಯೊಂದು ನನ್ನ ಬೆನ್ನಿಗೆ ಮೊಟ್ಟೆಯಿಟ್ಟು ಹೋಗಿದೆ. ಸೆಟ್ಟು ಕೆಟ್ಟಿರಲಿಲ್ಲ ಎಂದು ಅವರು ಬರೆದರಲ್ಲ, ಕ್ಲಬ್ಬಿನಲ್ಲಿ ನನ್ನ ಹೆಸರಿಗಿದ್ದ ಮಸಿ ಹೋಗಿರಬೇಕು. ಆದರೆ ಒಳಗಿನದು ಹೋಗಿಲ್ಲ. ಗುರುಪಾದಸ್ವಾಮಿ ತಮ್ಮದನ್ನು ತಡವಾಗಿಯಾದರೂ ಹೇಳಿಕೊಂಡರು. ನನ್ನದನ್ನು ನಾನು ಯಾರಿಗೂ ಹೇಳಿಲ್ಲ.

ಆ ಹತ್ತೊಂಬತ್ತು ನಿಮಿಷ ನನಗೆ ಸುಖವಾಗಿತ್ತು. ಅಷ್ಟು ಹೊತ್ತು ಒಂದೇ ಸಮ ಯಾರೂ ನನ್ನನ್ನು ಮಾತಾಡಲು ಬಿಟ್ಟಿರಲಿಲ್ಲ. ಮೈಯೆಲ್ಲ ಬೆಚ್ಚಗಾಗಿ, ಐವತ್ತಕ್ಕೆ ಐವತ್ತೂ ವ್ಯಾಟು ಆ ಘಾಟಿಯ ತುಂಬ ಹರಡಿಕೊಂಡಿದ್ದೆ. ನಡುವೆ ಬಾಯಿ ಹಾಕುವವರಿಲ್ಲ, ಸಾಕು ಅನ್ನುವವರಿಲ್ಲ. ಬೆಟ್ಟದ ಮೇಲಿನಿಂದ ಬುಡದವರೆಗೆ ಎಲ್ಲರೂ ನನ್ನ ಮಾತಿಗೆ ಮರುಳಾಗಿ ಸುಮ್ಮನೆ ಕೇಳುತ್ತಿದ್ದಾರೆ ಎಂದೇ ನಾನು ನಂಬಿದ್ದೆ.